‘ಹಿನ್ನೆಲೆ’ ಎಂದು ನೀವು ಕರೆದ ಊರಿನಿಂದ

ಇವರಿಗೆ,
ವಾಯುಮಂಡಲದ ರಸಾಯನಶಾಸ್ತ್ರ ಮತ್ತು ಗಾಳಿಯ ಗುಣಮಟ್ಟವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಶೋಧಕ ಸಮುದಾಯ

ವಿಷಯ: ನಮ್ಮ ಶಾಲೆಯ ಛಾವಣಿಯಿಂದ ಒಯ್ದ ಗಾಳಿಯ ಲೆಕ್ಕವನ್ನು ನಮಗೂ ಒಪ್ಪಿಸುವ ಕುರಿತು

ಮಾನ್ಯರೇ,

ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಭತ್ತದ ಊರು ನಮ್ಮದು. ಅಲ್ಲಿನ ಸರಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಪಾಠ ಮಾಡಿ, ಕೊನೆಗೆ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ನೀವು ನನ್ನನ್ನು ಬಲ್ಲವರಲ್ಲ. ಆದರೆ ನಮ್ಮ ಶಾಲೆಯ ಛಾವಣಿಯನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ನಿಮ್ಮದೊಂದು ಪ್ರಬಂಧದಲ್ಲಿ ಅದು ಅಕ್ಷಾಂಶ, ರೇಖಾಂಶಗಳ ರೂಪದಲ್ಲಿದೆ. ಪಕ್ಕದಲ್ಲಿ ‘ಗ್ರಾಮೀಣ ಹಿನ್ನೆಲೆ ತಾಣ’ ಎಂದು ಬರೆದಿದೆ. ಊರಿನ ಹೆಸರಿಲ್ಲ.

ಯಾವ ತಂಡ, ಯಾವ ವಿಶ್ವವಿದ್ಯಾಲಯ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಮಣ್ಣಿನ ಮಾದರಿ ಒಯ್ದವರು, ಕೊಳವೆಬಾವಿಯ ನೀರು ತುಂಬಿಕೊಂಡು ಹೋದವರು, ಹೀಗೆ ಬೇರೆ ತಾಲ್ಲೂಕುಗಳ ಶಿಕ್ಷಕ ಮಿತ್ರರು ಹೇಳಿದ ಕಥೆಗಳೂ ನಮ್ಮ ಕಥೆಯಂತೆಯೇ ಇದ್ದವು. ಒಂದು ತಂಡದ ಮರೆವಾಗಿದ್ದರೆ ಒಂದು ಖಾಸಗಿ ಪತ್ರ ಸಾಕಾಗುತ್ತಿತ್ತು. ಇದು ರೂಢಿ ಎಂದು ತಿಳಿದ ಮೇಲೆ ಎಲ್ಲರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅವರು ಮೊದಲು ಬಂದದ್ದು 2018ರ ಆಗಸ್ಟಿನಲ್ಲಿ. ಇಬ್ಬರು ಹೊರದೇಶದವರು, ಜೊತೆಗೆ ನಮ್ಮ ದೇಶದವನೇ ಆದ ಒಬ್ಬ ಸಂಶೋಧನಾ ವಿದ್ಯಾರ್ಥಿ. ಮಳೆ ಬಿದ್ದು ಊರು ತೊಳೆದಿಟ್ಟಂತಿತ್ತು. ಕಣ್ಣು ಹಾಯಿಸಿದಷ್ಟೂ ನಾಟಿ ಮಾಡಿದ ಗದ್ದೆ. ಛಾವಣಿಯ ಮೇಲೆ ನಿಂತು ಅವರು ಉಸಿರೆಳೆದುಕೊಂಡು, ಇಂಥ ಜಾಗವನ್ನೇ ಹುಡುಕುತ್ತಿದ್ದೆವು ಎಂದರು. ನೈಋತ್ಯದಲ್ಲಿ ಕಾಣುವ ಅಕ್ಕಿ ಗಿರಣಿಗಳ ಚಿಮಣಿಗಳನ್ನು ನಾನು ತೋರಿಸಿದೆ. ಆಗ ಅವು ಹೊಗೆಯುಗುಳುತ್ತಿರಲಿಲ್ಲ. ಕಟಾವು ಮುಗಿದು ಭತ್ತ ಬರುವವರೆಗೆ ಗಿರಣಿಗಳಿಗೆ ಅರೆನಿದ್ದೆ. ಸುಗ್ಗಿಯಲ್ಲಿ ಬಂದು ನೋಡಿ ಎಂದೆ. ನಕ್ಕರು. ನಿರಾಕ್ಷೇಪಣಾ ಪತ್ರಕ್ಕೆ ಸಹಿ ಮಾಡಿ, ಶಾಲೆಯ ಮೊಹರು ಒತ್ತಿಕೊಟ್ಟೆ. ಫಲಿತಾಂಶವನ್ನು ನಮಗೂ ಕೊಡಬೇಕೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸಲಿಲ್ಲ. ಆ ತಪ್ಪು ನನ್ನದು.

ನವೆಂಬರಿನಲ್ಲಿ ಯಂತ್ರ ಬಂತು. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಮೂತಿ, ಹೊಟ್ಟೆಯೊಳಗೆ ಒಂದು ಪಂಪು. ನಿಮಿಷಕ್ಕೆ ಹದಿನಾರೂ ಮುಕ್ಕಾಲು ಲೀಟರಿನಂತೆ ದಿನಕ್ಕೆ 24 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಆ ಹುಡುಗ ವಿವರಿಸಿದ. ಅಂದರೆ ಸುಮಾರಾಗಿ ಇಬ್ಬರು ಮನುಷ್ಯರು ದಿನವಿಡೀ ಉಸಿರಾಡುವಷ್ಟು. ಗಾಳಿ ದಾಟಿ ಹೋಗುವ ಜಾಗದಲ್ಲಿ ಸಣ್ಣ ನಿಪ್ಪಟ್ಟಿನಗಲದ, 47 ಮಿಲಿಮೀಟರ್ ವ್ಯಾಸದ ಬಿಳಿ ಸೋಸುಕಾಗದ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳೆಲ್ಲ ಅದರ ಮೇಲೆ ಕೂರಬೇಕು.

ಕಾಗದ ಬದಲಿಸುವ ಕೆಲಸ ನಮ್ಮ ಶಾಲೆಯ ಅಟೆಂಡರ್ ಪಾಲಿಗೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಕೈಗೆ ಗವಸು ಹಾಕಿ, ಏಣಿ ಹತ್ತಿ, ಚಿಮಟದಿಂದ ಹಳೆಯದನ್ನು ತೆಗೆದು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಹೊಸದನ್ನು ಇಡುತ್ತಿದ್ದರು. ಏಳನೆಯ ತರಗತಿಯವರೆಗೆ ಓದಿದ ಮನುಷ್ಯ. ಆದರೆ ಹನ್ನೊಂದು ತಿಂಗಳಲ್ಲಿ ಒಂದೇ ಒಂದು ಕಾಗದಕ್ಕೂ ಬೆರಳು ತಾಗಿಸಲಿಲ್ಲ. ಶಾಲೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಆ ಪೊಟ್ಟಣಗಳು ನಮ್ಮ ಮನೆಯ ಫ್ರಿಜ್ಜಿನ ಐಸಿನ ಖಾನೆಯಲ್ಲಿದ್ದವು. ‘ಊರಿನ ಹೊಗೆಗೆ ತಂಪು ಜಾಗ ಉಂಟು, ನನ್ನ ಕೆನೆಗಿಲ್ಲ’ ಎಂದು ನನ್ನ ಮನೆಯವರು ತಿಂಗಳುಗಟ್ಟಲೆ ಗೊಣಗಿದರು.

ಆ ಕಾಗದಗಳನ್ನು ನೋಡುವುದೇ ಒಂದು ಪಾಠವಾಗಿತ್ತು. ನವೆಂಬರಿನ ಆರಂಭದಲ್ಲಿ ತಿಳಿ ಬೂದು. ಹಾರ್ವೆಸ್ಟರ್‌ಗಳು ಗದ್ದೆಗಿಳಿದು, ಕೂಳೆಗೆ ಬೆಂಕಿ ಬಿದ್ದು, ಗಿರಣಿಗಳ ಬಾಯ್ಲರುಗಳಲ್ಲಿ ಹೊಟ್ಟು ಉರಿಯತೊಡಗಿದ ಮೇಲೆ, ಡಿಸೆಂಬರಿನ ನಡುವಿಗೆ, ಸೌದೆ ಒಲೆಯ ಹಿಂದಿನ ಗೋಡೆಯ ಬಣ್ಣ. ಏಪ್ರಿಲ್, ಮೇ ತಿಂಗಳ ಎರಡನೆಯ ಬೆಳೆಯ ಕಟಾವಿನಲ್ಲಿ ಮತ್ತೆ ಅದೇ ಬಣ್ಣ. ಜುಲೈಯಲ್ಲಿ ತೆಗೆದ ಕಾಗದ ಯಾವುದು, ಇಡಬೇಕಾದ ಕಾಗದ ಯಾವುದು ಎಂದು ಗೊತ್ತಾಗದಷ್ಟು ಬಿಳುಪು. ಮಕ್ಕಳನ್ನು ನಾಲ್ಕು ನಾಲ್ಕು ಜನರಂತೆ ಛಾವಣಿಗೆ ಕರೆದೊಯ್ದು ತೋರಿಸಿದೆ. ಒಬ್ಬಳು ಹುಡುಗಿ, ‘ಸರ್, ನಮ್ಮ ಒಳಗೂ ಇಂಥ ಕಾಗದ ಇದೆಯಾ, ಅದನ್ನು ಯಾರು ಬದಲಿಸುತ್ತಾರೆ?’ ಎಂದು ಕೇಳಿದಳು. ಉತ್ತರ ಕೊಡುವುದು ನನಗೆ ಕಷ್ಟವಾಯಿತು.

ದೊಡ್ಡ ಯಂತ್ರದ ಜೊತೆಗೆ ಒಂದು ಸಣ್ಣ ಪೆಟ್ಟಿಗೆಯೂ ಇತ್ತು. ನಿಮಿಷ ನಿಮಿಷಕ್ಕೂ ಕಣಗಳ ಪ್ರಮಾಣ ತೋರಿಸುವ ಪುಟ್ಟ ಪರದೆ ಅದಕ್ಕಿತ್ತು. ಆ ಪರದೆಯ ಮೇಲೆ ತಂಡದವರು ಕಪ್ಪು ಟೇಪು ಅಂಟಿಸಿ ಹೋದರು. ಏಕೆ ಎಂದರೆ, ಸರಿಪಡಿಸದ ಅಂಕಿ ನೋಡಿ ಜನ ಗಾಬರಿಯಾಗಬಾರದು ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೆಳಕಿನಿಂದ ಕಣ ಎಣಿಸುವ ಅಗ್ಗದ ಸಂವೇದಕಗಳು ತೇವಾಂಶ ಏರಿದಾಗ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ, ನಿಜ. ಆದರೆ ನಮ್ಮ ಗಾಬರಿಯ ಹೊಣೆಯನ್ನು ಅವರಿಗೆ ಯಾರು ಒಪ್ಪಿಸಿದ್ದರು? ಹೀಗೆ ಹೀಗೆ ಹೆಚ್ಚು ತೋರಿಸುತ್ತದೆ, ಇಷ್ಟು ಕಳೆದುಕೊಂಡು ಓದಿ ಎಂದು ಹೇಳಿದ್ದರೆ ಹತ್ತನೆಯ ತರಗತಿಯ ಮಕ್ಕಳು ಆ ಲೆಕ್ಕ ಮಾಡುತ್ತಿದ್ದರು. ಆ ಟೇಪನ್ನು ನಾವು ಕೀಳಲಿಲ್ಲ. ಮಾತು ಕೊಟ್ಟಿದ್ದೆವು.

2019ರ ಅಕ್ಟೋಬರಿನಲ್ಲಿ ಯಂತ್ರ ಬಿಚ್ಚಿಕೊಂಡು ಹೋದರು. ಮಕ್ಕಳಿಗೆ ಸಿಹಿ ಹಂಚಿದರು, ಅಟೆಂಡರ್‌ಗೆ ಒಂದು ಗಡಿಯಾರ ಕೊಟ್ಟರು. ಆಮೇಲೆ ಕೋವಿಡ್ ಬಂತು. ನಾನು ಮೂರು ಸಲ ಮಿಂಚಂಚೆ ಬರೆದೆ. ಎರಡಕ್ಕೆ ಉತ್ತರ ಬಂತು: ಪ್ರಬಂಧ ತಯಾರಿಯಲ್ಲಿದೆ. 2023ರಲ್ಲಿ ಹೊರದೇಶದಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಹುಡುಕಿ ಕಳುಹಿಸಿದ. ನಾನಾಗಿಯೇ ಓದಬೇಕೆಂದರೆ ಡಾಲರಿನಲ್ಲಿ ಹಣ ಕಟ್ಟಬೇಕಿತ್ತು. ಪ್ರಬಂಧ ಇದ್ದದ್ದು ಒಂದು ದೊಡ್ಡ ನಗರದ ಬಗ್ಗೆ. ನಗರದ ಗಾಳಿಯಲ್ಲಿ ನಗರದ್ದೇ ಕೊಳೆ ಎಷ್ಟು, ದೂರದಿಂದ ತೇಲಿ ಬಂದದ್ದೆಷ್ಟು ಎಂದು ಬಿಡಿಸಲು ನಮ್ಮ ಊರಿನ ಅಂಕಿಯನ್ನು ಕಳೆದಿದ್ದಾರೆ. ನಾವು, ಕಳೆಯುವ ಲೆಕ್ಕದ ಕೆಳಗಿನ ಸಾಲು. ಕೃತಜ್ಞತೆಗಳಲ್ಲಿ ‘ಸ್ಥಳೀಯ ಸಿಬ್ಬಂದಿ’ ಎಂಬ ಎರಡು ಪದಗಳಿವೆ. ಹನ್ನೊಂದು ತಿಂಗಳು ಏಣಿ ಹತ್ತಿದವರು ಅವರೇ.

‘ಹಿನ್ನೆಲೆ’ ಎಂಬುದು ನಿಮ್ಮ ಶಾಸ್ತ್ರದ ಪಾರಿಭಾಷಿಕ ಪದ, ಬೈಗುಳವಲ್ಲ ಎಂಬುದು ನನಗೆ ಗೊತ್ತು. ಹತ್ತಿರದಲ್ಲಿ ದೊಡ್ಡ ಮೂಲಗಳಿಲ್ಲದ ಜಾಗವೊಂದು ಹೋಲಿಕೆಗೆ ಬೇಕೇ ಬೇಕು. ನನ್ನ ತಕರಾರು ಎರಡು. ಹೊಟ್ಟಿನ ಬೂದಿ ಒಣಗಲು ಹಾಕಿದ ಬಟ್ಟೆಯ ಮೇಲೆ ಉದುರುವ ಊರು ಹಿನ್ನೆಲೆಯಾಗುವುದು ಆಗಸ್ಟಿನಲ್ಲಿ ಮಾತ್ರ. ಹಾಗಾಗಿ ನಿಮ್ಮ ಕಳೆಯುವ ಲೆಕ್ಕವೂ ಸರಿಯಿದ್ದೀತೇ ಎಂಬ ಅನುಮಾನ ನನ್ನದು. ಇನ್ನೊಂದು, ವರ್ಷದ ಸರಾಸರಿ. ನಮ್ಮ ಊರಿನ ಸಾಲಿನಲ್ಲಿರುವುದು ಒಂದೇ ಅಂಕಿ. ಅದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ, ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮತ್ತು ಭಾರತ 2009ರಲ್ಲಿ ಇಟ್ಟುಕೊಂಡ 40 ಮೈಕ್ರೋಗ್ರಾಂ, ಈ ಎರಡರ ನಡುವೆ ಎಲ್ಲೋ ಬಿದ್ದಿದೆ. ಜುಲೈಯ ಬಿಳಿ ಕಾಗದವನ್ನೂ ಡಿಸೆಂಬರಿನ ಕರಿ ಕಾಗದವನ್ನೂ ಕಲಸಿದರೆ ಬೂದು ಬಣ್ಣ ಬರುತ್ತದೆ, ಅಷ್ಟೆ. ಆದರೆ ಮಕ್ಕಳು ಸರಾಸರಿ ಗಾಳಿಯನ್ನು ಉಸಿರಾಡುವುದಿಲ್ಲ. ಆಯಾ ದಿನದ ಗಾಳಿಯನ್ನು ಉಸಿರಾಡುತ್ತಾರೆ. ದಿನದ ಲೆಕ್ಕಕ್ಕೆ ಬೇರೆ ಮಾನದಂಡವೇ ಇದೆ: ಸಂಸ್ಥೆಯದು 15, ನಮ್ಮದು 60. ಎಷ್ಟು ದಿನ ನಾವು ಆ ಗೆರೆ ದಾಟಿದೆವು ಎಂಬುದು ಆ ಪೊಟ್ಟಣಗಳಲ್ಲಿತ್ತು. ಪ್ರಬಂಧದಲ್ಲಿಲ್ಲ.

ಹೆಸರಿನ ಬಗ್ಗೆ ಇಷ್ಟು ಹಟ ಏಕೆ ಎನ್ನಬಹುದು. ಹೆಸರಿಗಾಗಿ ನೀವೇ ಒಮ್ಮೆ ಜಗಳವಾಡಿದ್ದೀರಿ. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದ ಮೇಲೆ ಹಡಗು, ವಿಮಾನ, ಉಪಗ್ರಹಗಳನ್ನು ಹೂಡಿ ಇಂಡೋಎಕ್ಸ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರು ಓಝೋನ್ ರಸಾಯನಶಾಸ್ತ್ರಕ್ಕಾಗಿ 1995ರ ನೊಬೆಲ್ ಪಡೆದ ಪಾಲ್ ಕ್ರುಟ್ಸನ್, ಇನ್ನೊಬ್ಬರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್. ಚಳಿಗಾಲದಲ್ಲಿ ದಕ್ಷಿಣ ಏಷ್ಯಾದಿಂದ ಸಮುದ್ರದ ಮೇಲಕ್ಕೆ ಚಾಚುವ ದಟ್ಟ ಮಬ್ಬನ್ನು ಅವರು ಅಳೆದರು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಅದನ್ನು ‘ಏಷ್ಯಾದ ಕಂದು ಮೋಡ’ ಎಂದು ಕರೆದಾಗ ಭಾರತದಲ್ಲಿ ಸಿಟ್ಟೆದ್ದಿತು. ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿಯ ತೀರ್ಮಾನಗಳನ್ನು ನೇರವಾಗಿ ಪ್ರಶ್ನಿಸಿದರು. ಕೊನೆಗೆ ‘ಏಷ್ಯಾ’ ಹೋಯಿತು, ‘ವಾಯುಮಂಡಲದ ಕಂದು ಮೋಡಗಳು’ ಎಂದಾಯಿತು. ದೇಶವೊಂದು ಮುನಿದಾಗ ಹೆಸರು ಬದಲಿಸಲು ಸಾಧ್ಯವಾಯಿತು. ಊರೊಂದು ಮುನಿದರೆ ಊರಿನ ಹೆಸರು ಬರೆಯುವಷ್ಟಾದರೂ ಆಗಬೇಕು.

ನಮಗೆ ಈ ಲೆಕ್ಕ ಏಕೆ ಬೇಕು ಎಂಬುದಕ್ಕೆ ಬರುತ್ತೇನೆ.

ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ನಾನು ಒಂದು ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಹೈಡ್ರೋಕ್ಲೋರಿಕ್ ಆಮ್ಲದ ಸೀಸೆ, ಅಮೋನಿಯಾ ದ್ರಾವಣದ ಸೀಸೆ. ಎರಡರ ಬಿರಡೆ ತೆಗೆದು ಬಾಯಿಗಳನ್ನು ಹತ್ತಿರ ತಂದರೆ, ಎರಡೂ ಕಣ್ಣಿಗೆ ಕಾಣದ ಅನಿಲಗಳು, ನಡುವೆ ಬಿಳಿ ಹೊಗೆ ಏಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದು ಅಮೋನಿಯಂ ಕ್ಲೋರೈಡಿನ ಪುಡಿ. ನಿಮ್ಮ ಪ್ರಬಂಧಗಳನ್ನು ಓದತೊಡಗಿದ ಮೇಲೆ ನನಗೆ ಹೊಳೆದದ್ದು, ನಮ್ಮ ಊರಿನ ಆಕಾಶವೂ ಇದೇ ಪ್ರಯೋಗವನ್ನು ಮಾಡುತ್ತಿದೆ. ನೀರು ನಿಂತ ಗದ್ದೆಗೆ ಯೂರಿಯಾ ಎರಚಿದಾಗ ಅಮೋನಿಯಾ ಏಳುತ್ತದೆ. ಈಶಾನ್ಯಕ್ಕೆ ಶಕ್ತಿನಗರದ 1720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ದಕ್ಷಿಣಕ್ಕೆ ಕುಡಿತಿನಿಯ 1700 ಮೆಗಾವಾಟ್ ಸ್ಥಾವರ. ಕಲ್ಲಿದ್ದಲಿನ ಗಂಧಕ ಗಾಳಿಯಲ್ಲಿ ಸಾಗುತ್ತಾ ಆಮ್ಲವಾಗುತ್ತದೆ, ಅಮೋನಿಯಾ ಅದನ್ನು ಹಿಡಿದುಕೊಂಡು ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿಸುತ್ತದೆ. ಒಂದು ಸೀಸೆ ರೈತನ ಕೈಯಲ್ಲಿ, ಇನ್ನೊಂದು ವಿದ್ಯುತ್ ನಿಗಮದ ಕೈಯಲ್ಲಿ. ಹೊಗೆ ಎದ್ದದ್ದು ಯಾರ ತಲೆಯ ಮೇಲೆ, ಎಷ್ಟು ಎಂಬುದನ್ನು ಹೇಳಬಲ್ಲದ್ದು ಆ ಸೋಸುಕಾಗದದ ರಾಸಾಯನಿಕ ವಿಶ್ಲೇಷಣೆ ಮಾತ್ರ.

2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ದೇಶದ ಬಹುಪಾಲು ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕ ತೆಗೆಯುವ ಸಾಧನ ಹಾಕುವ ಕಡ್ಡಾಯದಿಂದ ವಿನಾಯಿತಿ ಕೊಟ್ಟಿತು. ಸುತ್ತಲಿನ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಸೀಸೆಯ ಬಾಯಿಗೆ ಮೂಗಿಟ್ಟು, ಆಮ್ಲ ಕಡಿಮೆಯಾಗಿದೆ, ಹಾಗಾಗಿ ಹೊಗೆಯೂ ಇಲ್ಲ ಎಂದು ಒಂಬತ್ತನೆಯ ತರಗತಿಯ ಹುಡುಗ ಬರೆದಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲ. ಆ ಚರ್ಚೆಯಲ್ಲಿ ನಮ್ಮ ಹನ್ನೊಂದು ತಿಂಗಳ ಸಲ್ಫೇಟಿನ ಅಂಕಿಗಳಿದ್ದಿದ್ದರೆ ನಾನೂ ಒಂದು ಆಕ್ಷೇಪಣಾ ಅರ್ಜಿ ಬರೆಯಬಹುದಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ, ಕೊಪ್ಪಳದ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯನ್ನು ವಿರೋಧಿಸಿ ಪಟ್ಟಣವೇ ಬಂದ್ ಆಯಿತು, ಗವಿಮಠದ ಸ್ವಾಮಿಗಳೂ ಬೀದಿಗಿಳಿದರು. ಬೆಳೆಯ ಮೇಲೆ ಕೂತ ಕಪ್ಪು ಧೂಳನ್ನು ತೋರಿಸಿ ದೂರು ಹೇಳುವ ಜನರಿಗೆ ಎದುರಿನ ಕಡೆಯವರು ಕೇಳುವ ಪ್ರಶ್ನೆ ಎಲ್ಲ ಊರಿನಲ್ಲೂ ಒಂದೇ: ಅಂಕಿ ಅಂಶ ಎಲ್ಲಿದೆ?

ನಮ್ಮ ಊರಿನ ಅಂಕಿ ಅಂಶ ನಿಮ್ಮಲ್ಲಿದೆ. ಸರಕಾರದಲ್ಲಿ ಇಲ್ಲ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಸುಮಾರು 130 ನಗರಗಳ ಪಟ್ಟಿ ಇಟ್ಟುಕೊಂಡಿದೆ. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಹಳ್ಳಿಗಳಿಗೆ ಅದರಲ್ಲಿ ಜಾಗವಿಲ್ಲ, ನಗರಸಭೆಯ ಗಡಿಕಲ್ಲಿನಲ್ಲಿ ಗಾಳಿ ನಿಂತುಬಿಡುತ್ತದೆ ಎಂಬಂತೆ. ನೀವೂ ಅಷ್ಟೆ. ವಾಯುಮಂಡಲದ ರಸಾಯನಶಾಸ್ತ್ರಕ್ಕಾಗಿ ಇರುವ ನಿಮ್ಮ ಅಂತರರಾಷ್ಟ್ರೀಯ ಯೋಜನೆ ಐಗ್ಯಾಕ್ ಕೈಗೊಂಡ ನೆಲಮಟ್ಟದ ಓಝೋನಿನ ಜಾಗತಿಕ ಸಮೀಕ್ಷೆಯ ನಕ್ಷೆಗಳನ್ನು ನೋಡಿದೆ. ಯುರೋಪು, ಉತ್ತರ ಅಮೆರಿಕ ಚುಕ್ಕೆಗಳಿಂದ ಕಿಕ್ಕಿರಿದಿವೆ. ನಮ್ಮ ಕಡೆ ಬಹುತೇಕ ಖಾಲಿ. ದಕ್ಷಿಣ ಏಷ್ಯಾ, ಆಫ್ರಿಕಾಗಳಿಂದ ಮಾಹಿತಿ ಸಾಲದು ಎಂದು ನೀವೇ ವಿಷಾದ ಪಟ್ಟಿದ್ದೀರಿ. ವಿಷಾದ ಪ್ರಾಮಾಣಿಕವೇ ಇರಬೇಕು. ಆದರೆ ಯಂತ್ರ ಇಟ್ಟು, ಅಳೆದು, ಬಿಚ್ಚಿಕೊಂಡು ಹೋದ ಛಾವಣಿಗಳೂ ಆ ಖಾಲಿ ಜಾಗದಲ್ಲೇ ಇವೆ.

ಬೇರೆಯವರ ಯಂತ್ರವನ್ನು ನೆಚ್ಚಿದರೆ ಏನಾಗುತ್ತದೆ ಎಂಬುದನ್ನು 2025ರ ಮಾರ್ಚ್ ತೋರಿಸಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ಸೇರಿದಂತೆ ಲೋಕದ ಹಲವು ಊರುಗಳ ಅಮೆರಿಕದ ರಾಯಭಾರ, ಕಾನ್ಸುಲೇಟ್ ಕಚೇರಿಗಳು ವರ್ಷಗಳಿಂದ ಎಲ್ಲರ ಮುಂದಿಡುತ್ತಿದ್ದ ಗಾಳಿಯ ಅಂಕಿಗಳು ಖರ್ಚಿನ ಕಾರಣ ಹೇಳಿ ನಿಂತುಹೋದವು. ಆಗ ನಿಮ್ಮಲ್ಲಿ ಅನೇಕರು ನೊಂದು ಬರೆದಿರಿ. ಓದಿದೆ. ಮಾಹಿತಿ ಕಣ್ಮರೆಯಾದಾಗ ಆಗುವ ಸಂಕಟ ನಿಮಗೂ ಗೊತ್ತು ಎಂಬ ಧೈರ್ಯದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಷ್ಟಗಳನ್ನು ಅರಿಯದವನಲ್ಲ. ಅನುದಾನ ಮೂರು ವರ್ಷಕ್ಕೆ ಮುಗಿಯುತ್ತದೆ, ಸಂಶೋಧನಾ ವಿದ್ಯಾರ್ಥಿಗೆ ಪದವಿ ಆಗಬೇಕು, ಯಂತ್ರ ತರಿಸಲು ಕಸ್ಟಮ್ಸ್, ಅಂಕಿ ಹೊರಬಿಡಲು ಒಪ್ಪಂದಗಳು. ನಿಮ್ಮಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ‘ಅಟ್ಮಾಸ್ಫೆರಿಕ್ ಕೆಮಿಸ್ಟ್ರಿ ಅಂಡ್ ಫಿಸಿಕ್ಸ್’ ಪತ್ರಿಕೆ 2001ರಿಂದಲೂ ಯಾರು ಬೇಕಾದರೂ ಓದುವಂತಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಪರಿಸರ ಆರೋಗ್ಯ ವಿಜ್ಞಾನಿ ಕಿರ್ಕ್ ಸ್ಮಿತ್ ಅವರು ಗುಜರಾತಿನ ಹಳ್ಳಿಗಳಲ್ಲಿ ಅಳೆದದ್ದು ಒಲೆಯ ಮುಂದೆ ಕುಳಿತ ಹೆಂಗಸಿನ ಉಸಿರಿಗೆ ಬರುವ ಹೊಗೆಯನ್ನು. ಆ ಅಳತೆಯಲ್ಲಿ ಅಡುಗೆ ಮಾಡುವವಳು ಹಿನ್ನೆಲೆಯಾಗಿರಲಿಲ್ಲ.

ಹಾಗಾಗಿ ನಮ್ಮ ಕೋರಿಕೆ ದೊಡ್ಡದಲ್ಲ. ಯಾವುದೇ ಛಾವಣಿಯಿಂದ ಯಂತ್ರ ಬಿಚ್ಚುವ ಮೊದಲು ಒಂದು ಪುಟದ ವರದಿಯನ್ನು ಆ ಊರಿನ ಭಾಷೆಯಲ್ಲಿ, ತಾತ್ಕಾಲಿಕ ಎಂದು ಬೇಕಾದರೆ ದಪ್ಪ ಅಕ್ಷರದಲ್ಲಿ ಬರೆದು, ಆ ಶಾಲೆಗೋ ಗ್ರಾಮ ಪಂಚಾಯಿತಿಗೋ ಕೊಡಿ. ಕನ್ನಡದಲ್ಲಿ ಬರೆಯುವುದು ಕಷ್ಟವೆನಿಸಿದರೆ ಇಂಗ್ಲಿಷಿನಲ್ಲೇ ಕೊಡಿ, ಅನುವಾದ ನಾವು ಮಾಡಿಕೊಳ್ಳುತ್ತೇವೆ, ಡಾಲರ್ ಕೇಳುವುದಿಲ್ಲ. ದಿನವಾರು ಅಂಕಿಗಳನ್ನು ಪ್ರಬಂಧ ಅಚ್ಚಾದ ದಿನವೇ ಎಲ್ಲರಿಗೂ ಸಿಗುವಂತೆ ಇಡಿ. ಸಂಪಾದಕರು ಇದನ್ನೊಂದು ಷರತ್ತಾಗಿ ಮಾಡಿದರೆ ತಂಡಗಳು ತಾವಾಗಿಯೇ ದಾರಿಗೆ ಬರುತ್ತವೆ. ಊರಿನ ಹೆಸರು ಬರೆಯಿರಿ, ಏಣಿ ಹತ್ತಿದವರ ಹೆಸರನ್ನು ಅವರು ಒಪ್ಪಿದರೆ ಬರೆಯಿರಿ. ಸಣ್ಣ ಪೆಟ್ಟಿಗೆಯನ್ನು ಬಿಟ್ಟು ಹೋಗಿ, ಟೇಪು ತೆಗೆದು. ಅದನ್ನು ಓದುವುದು ಹೇಗೆಂದು ಅರ್ಧ ದಿನ ಹೇಳಿಕೊಟ್ಟರೆ ಸಾಕು.

ನಮ್ಮ ಶಾಲೆಯ ಮಟ್ಟಿಗೆ ಒಂದು ಪ್ರಶ್ನೆಯಂತೂ ಬಾಕಿ ಇದೆ. ಚಳಿಗಾಲದ ಮುಂಜಾವಿನಲ್ಲಿ ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ರಾತ್ರಿಯ ಹೊಗೆ ಬಿಸಿಲೇರುವವರೆಗೂ ಕರಗುವುದಿಲ್ಲ. ಅದೇ ಹೊತ್ತಿಗೆ ನಮ್ಮ ದೈಹಿಕ ಶಿಕ್ಷಕರು ತಾಲ್ಲೂಕು ಕ್ರೀಡಾಕೂಟಕ್ಕೆಂದು ಮಕ್ಕಳನ್ನು ಮೈದಾನದಲ್ಲಿ ಓಡಿಸುತ್ತಾರೆ. ಬೆಳಿಗ್ಗೆ ಆರೂವರೆಗೆ ಓಡಿಸುವುದೋ, ಸಂಜೆ ನಾಲ್ಕೂವರೆಗೋ? ಟೇಪಿನ ಹಿಂದೆ ಆ ಪೆಟ್ಟಿಗೆ ಇದಕ್ಕೆ ನಿಮಿಷ ನಿಮಿಷಕ್ಕೂ ಉತ್ತರ ಬರೆದಿಟ್ಟುಕೊಂಡಿತ್ತು.

ಕೊನೆಯದಾಗಿ, ನಿಮಗೆ ಗೊತ್ತಿಲ್ಲದ ಒಂದು ವಸ್ತು ನಮ್ಮಲ್ಲಿದೆ. ಕಾಗದ ಬದಲಿಸುವಾಗ ನಮ್ಮ ಅಟೆಂಡರ್, ಯಾರೂ ಹೇಳದೆಯೇ, ಹಳೆಯ ಹಾಜರಿ ಪುಸ್ತಕವೊಂದರಲ್ಲಿ ದಿನವೂ ಒಂದು ಸಾಲು ಬರೆದಿಟ್ಟಿದ್ದಾರೆ. ‘ಮೂಡಣ ಗಾಳಿ. ಕ್ಯಾಂಪಿನ ಕಡೆ ಕೂಳೆ ಸುಟ್ಟರು.’ ‘ರಾತ್ರಿ ಕರೆಂಟ್ ಇರಲಿಲ್ಲ, ಮೂರು ತಾಸು ಪಂಪು ನಿಂತಿತ್ತು.’ ‘ಗಿರಣಿ ಬಂದ್, ಅಮಾವಾಸ್ಯೆ.’ ‘ಜಾತ್ರೆ. ಮದ್ದು ಸುಟ್ಟರು.’ ನಿಮ್ಮ ಅಂಕಿಗಳು ಏರಿದ್ದು, ಇಳಿದದ್ದು ಯಾಕೆ ಎಂಬುದು ಅದರಲ್ಲಿದೆ. ನಿಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟು ಓದಿದರೆ ಎರಡೂ ಪೂರ್ತಿಯಾದಾವು. ಪುಸ್ತಕ ಪ್ರಯೋಗಶಾಲೆಯ ಎಡಗಡೆಯ ಕಪಾಟಿನಲ್ಲಿದೆ, ಕೀಲಿ ಈಗಿನ ಮುಖ್ಯೋಪಾಧ್ಯಾಯಿನಿಯವರ ಬಳಿ. ಸುಗ್ಗಿಯ ಕಾಲಕ್ಕೆ, ಬೆಳಿಗ್ಗೆ ಹತ್ತರ ನಂತರ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಕೊಪ್ಪಳ ಜಿಲ್ಲೆ